ಮನೋವೈದ್ಯ ಶಿಕ್ಷಣದಲ್ಲಿ ಕೃತಕ ಸನ್ನಿವೇಶಗಳು: ಒಂದು ವಿಮರ್ಶೆ

ಮನೋವೈದ್ಯನು ಮನಸ್ಸಿನ ವೈದ್ಯನಾದರೂ ಅವನ ಮುಂದಿರುವ ರೋಗಿಗೆ ದೇಹವೂ ಉಂಟು. ಸ್ವತಃಸಿದ್ಧವಾದ ಈ ಮಾತು ರಾತ್ರಿಪಾಳಿಯಲ್ಲಿ ಒಬ್ಬನೇ ಇರುವ ತರುಣ ವೈದ್ಯನಿಗೆ ಮರೆತುಹೋಗುವ ಭಯವುಂಟು. ಆದಕಾರಣ ಮನೋವೈದ್ಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ದೈಹಿಕ ತುರ್ತುಸ್ಥಿತಿಗಳ ನಿರ್ವಹಣೆಯನ್ನು ಕೃತಕ ಸನ್ನಿವೇಶಗಳ ಮೂಲಕ ಕಲಿಸುವ ಪದ್ಧತಿಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಪದ್ಧತಿಯು ತೀರ ಹೊಸದಲ್ಲ. ಉಸಿರು ತುಂಬುವ ಅಭ್ಯಾಸಕ್ಕೆಂದು ನಾರ್ವೆಯ ಲೇರ್ಡಾಲ್ ಸಂಸ್ಥೆಯು ರೂಪಿಸಿದ ಬೊಂಬೆ 1960ರದು. ಅದೇ ದಶಕದಲ್ಲಿ ಅಮೆರಿಕದ ಹೊವರ್ಡ್ ಬ್ಯಾರೋಸ್ ಅವರು ತರಬೇತಿ ಪಡೆದವರನ್ನು ರೋಗಿಗಳ ಪಾತ್ರದಲ್ಲಿ ನಿಲ್ಲಿಸಿದರು. ಭಾರತದಲ್ಲಿ 2019ರ ವೈದ್ಯಕೀಯ ಶಿಕ್ಷಣ ನಿಯಮಗಳು ಕಾಲೇಜುಗಳಿಗೆ ಕೌಶಲ ಪ್ರಯೋಗಾಲಯವನ್ನು ಕಡ್ಡಾಯಗೊಳಿಸಿದವು.

ಇದರ ಗುಣ ನಿರ್ವಿವಾದ. ಮನೋವಿಕಾರದ ಔಷಧಗಳಿಂದ ಅಪರೂಪಕ್ಕೆ ಉಂಟಾಗುವ ಒಂದು ಸ್ಥಿತಿಯಲ್ಲಿ ಜ್ವರ ಏರಿ, ಮೈ ಸೆಟೆದು, ಬೆವರು ಹರಿದು, ಪ್ರಜ್ಞೆ ಮಂಕಾಗುತ್ತದೆ. ಇದನ್ನು ಮೂಲರೋಗದ ಉಲ್ಬಣವೆಂದು ಬಗೆದು ಅದೇ ಔಷಧವನ್ನು ಮತ್ತೆ ಕೊಟ್ಟರೆ ಪ್ರಾಣಕ್ಕೇ ಎರವಾಗಬಹುದು. ಮೂರು ವರ್ಷಗಳ ವ್ಯಾಸಂಗದಲ್ಲಿ ವಿದ್ಯಾರ್ಥಿಯು ಇಂಥದನ್ನು ಕಾಣದೆಯೂ ಇರಬಹುದು. ಕೃತಕ ಸನ್ನಿವೇಶವಾದರೋ ಅದನ್ನು ಬೇಕೆಂದಾಗ ಒದಗಿಸುತ್ತದೆ. ತಪ್ಪಿದರೂ ಯಾರ ಪ್ರಾಣಕ್ಕೂ ಹಾನಿಯಿಲ್ಲ. ದಡದಲ್ಲಿ ನಿಂತು ಈಜು ಕಲಿಯಲಾಗದು, ನಿಜ. ಆದರೆ ಆಳವಿಲ್ಲದ ನೀರಿನಲ್ಲಿ ಕಲಿಯುವುದು ತಪ್ಪಲ್ಲ.

ಆದರೆ ನಮ್ಮ ಮುಖ್ಯ ಆಕ್ಷೇಪವೊಂದುಂಟು. ಪ್ರಯೋಗಾಲಯವನ್ನು ಪ್ರವೇಶಿಸುವಾಗಲೇ ವಿದ್ಯಾರ್ಥಿಗೆ ತುರ್ತುಸ್ಥಿತಿಯೊಂದು ಕಾದಿದೆಯೆಂದು ಗೊತ್ತು. ವಾರ್ಡಿನಲ್ಲಿ ಅದು ಹೀಗೆ ಡಂಗುರ ಹೊಡೆದು ಬರುವುದಿಲ್ಲ. ಹುಚ್ಚಿನ ಅಥವಾ ದುಃಖದ ವೇಷ ತೊಟ್ಟು ಬರುತ್ತದೆ.

ಮುಂಡಗೋಡ ತಾಲೂಕಿನ ಇಂದೂರದಂಥ ಊರಿನ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಆತ ಹೊಲದ ಕೀಟನಾಶಕವನ್ನು ಕುಡಿದು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಟ್ರೋಪಿನ್ ಚಿಕಿತ್ಸೆಯಿಂದ ಚೇತರಿಸಿಕೊಂಡು, ಆತ್ಮಹತ್ಯೆಗೆ ಯತ್ನಿಸಿದವನೆಂಬ ಕಾರಣದಿಂದ ಮನೋವೈದ್ಯ ವಾರ್ಡಿಗೆ ಬಂದಿದ್ದಾನೆ. ಮೂರನೆಯ ದಿನ ದಿಂಬಿನಿಂದ ತಲೆ ಎತ್ತುವುದಿಲ್ಲ; ದನಿ ಕುಗ್ಗಿದೆ; ಮಾತು ಬೇಡವೆಂಬಂತಿದ್ದಾನೆ. ಖಿನ್ನತೆಯೆಂದು ಬರೆದುಬಿಡುವುದು ಎಷ್ಟು ಸುಲಭ! ಆದರೆ ಆರ್ಗ್ಯಾನೋಫಾಸ್ಫೇಟ್ ವಿಷ ಸೇವಿಸಿದವರಲ್ಲಿ ಸಾಮಾನ್ಯವಾಗಿ 24ರಿಂದ 96 ಗಂಟೆಗಳೊಳಗೆ ಕತ್ತು, ತೋಳು, ತೊಡೆಗಳ ಸ್ನಾಯುಗಳು ಸೋತು, ಉಸಿರಾಟವೇ ನಿಲ್ಲಬಹುದೆಂಬುದನ್ನು ಶ್ರೀಲಂಕೆಯ ಸೇನಾನಾಯಕೆ ಮತ್ತು ಕರಲಿಯೆಡ್ಡೆ ಅವರು 1987ರಲ್ಲಿ ವಿವರಿಸಿದರು. ಈ ಸೋಲಿಗೆ ಅಟ್ರೋಪಿನ್ ಮದ್ದಲ್ಲ. ಕೃತಕ ಉಸಿರಾಟವೇ ಆಧಾರ. "ತಲೆ ಎತ್ತಪ್ಪ, ಒಂದೇ ಉಸಿರಿಗೆ ಎಣಿಸು" ಎಂದು ಕೇಳುವ ವೈದ್ಯನು ಅವನನ್ನು ಉಳಿಸುವ ದಾರಿಯಲ್ಲಿದ್ದಾನೆ. ಅವನ ಮೌನವನ್ನು ಮಾತ್ರ ವ್ಯಾಖ್ಯಾನಿಸುವವನು ಕಳೆದುಕೊಳ್ಳಬಹುದು.

ಈ ಪಾಠಕ್ಕೆ ದುಬಾರಿ ಬೊಂಬೆ ಬೇಕಿಲ್ಲ. ಪಳಗಿದ ಒಬ್ಬ ಪಾತ್ರಧಾರಿ, ಒಂದು ಮಂಚ, ಗಾಬರಿಗೊಂಡ ಬಂಧು, ಒಂದು ದೂರವಾಣಿ ಸಾಕು. ಎಲ್ಲಕ್ಕಿಂತ ಮಿಗಿಲಾಗಿ, ವಿದ್ಯಾರ್ಥಿಯನ್ನು ಖಿನ್ನತೆಯ ಸಂದರ್ಶನಕ್ಕೆಂದೇ ಕರೆಯಬೇಕು.

ಸ್ಥಳದ ಪ್ರಶ್ನೆಯೂ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೂ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ನಡುವೆ ಸುಮಾರು 20 ಕಿಲೋಮೀಟರಿನ ಹಾದಿ. ಆದುದರಿಂದ ಯಾರಿಗೆ ಕರೆಮಾಡಬೇಕು, ಏನು ಹೇಳಬೇಕು, ವಾಹನದಲ್ಲಿ ಉಸಿರನ್ನು ಹೇಗೆ ಕಾಯಬೇಕು ಎಂಬುದೂ ಅಭ್ಯಾಸದ ಅಂಗವಾಗಬೇಕು. ಎಲ್ಲ ತಜ್ಞರೂ ಕೈಗೆಟಕುವ ದೊಡ್ಡ ಆಸ್ಪತ್ರೆಯ ಮಾದರಿ ಇಲ್ಲಿಗೆ ಸಾಲದು.

ಕೊನೆಯದಾಗಿ, ಫಲಪರೀಕ್ಷೆಯ ಮಾತು. ತರಬೇತಿಯ ಮುನ್ನ ಮತ್ತು ಅನಂತರ ಆತ್ಮವಿಶ್ವಾಸವನ್ನು ಕೇಳಿ ಅಂಕ ಹಾಕುವ ರೂಢಿ ವ್ಯಾಪಕವಾಗಿದೆ. ಆತ್ಮವಿಶ್ವಾಸವೇ ಸಾಮರ್ಥ್ಯವಲ್ಲ, ತಪ್ಪು ನಿದಾನಕ್ಕೂ ಅದು ಬೆಂಬಲವಾಗಬಲ್ಲದು. ಎಷ್ಟು ನಿಮಿಷಗಳಲ್ಲಿ ಸಂಶಯ ಮೂಡಿತು, ಎಷ್ಟರಲ್ಲಿ ನೆರವು ಕೇಳಲಾಯಿತು ಎಂಬುದನ್ನು ಅಳೆಯುವುದು ಲೇಸು. ಸಂಶಯ ತಡವಾಗಿದ್ದರೆ ಅದೇಕೆಂಬುದನ್ನು ಗುರುಶಿಷ್ಯರು ಸಂಕೋಚವಿಲ್ಲದೆ ಕುಳಿತು ಚರ್ಚಿಸಬೇಕು. ಪಾಠದ ಸಾರವಿರುವುದು ಅಲ್ಲಿಯೇ. ಕೃತಕ ಸನ್ನಿವೇಶವು ಕೈಗೆ ಚುರುಕನ್ನು ಮಾತ್ರ ಕಲಿಸಿದರೆ ಅರ್ಧ ಕಲಿಸಿದಂತೆ. ದೇಹವು ಮನಸ್ಸಿನ ಭಾಷೆಯಲ್ಲಿ ಮೊರೆಯಿಡುವುದನ್ನು ಗುರುತಿಸಲು ಕಲಿಸಿದಾಗಲೇ ಅದು ಮನೋವೈದ್ಯನಿಗೆ ತಕ್ಕ ಶಿಕ್ಷಣವೆನಿಸುವುದೆಂದು ನಮ್ಮ ಅಭಿಪ್ರಾಯ.