‘ಭಕ್ಷಕ’ ಶಬ್ದದ ಔಚಿತ್ಯವಿಚಾರ

ಹೊಸದಾಗಿ ಕಂಡ ವಸ್ತುವಿಗೆ ಹೆಸರಿಡುವ ಅಧಿಕಾರ ಕಂಡವನದು. ಆ ಹೆಸರನ್ನು ಬೇರೊಂದು ಭಾಷೆಗೆ ತರುವಾಗ ಅದರ ಗುಣದೋಷಗಳ ಹೊಣೆ ತಂದವನದು. ಬ್ಯಾಕ್ಟೀರಿಯಾ ಎಂಬ ಏಕಾಣುಜೀವಿಗಳಿಗೆ ತಗಲಿ ಅವನ್ನು ನಾಶಗೊಳಿಸುವ ಒಂದು ವರ್ಗದ ವೈರಸ್ಸುಗಳಿಗೆ ಪಾಶ್ಚಾತ್ಯರು ‘ಬ್ಯಾಕ್ಟೀರಿಯೊಫೇಜ್’ ಎಂದು ಹೆಸರಿಟ್ಟಿರುವರು. ಕೋಳಿಯ ಕರುಳಿನಲ್ಲಿ ನೆಲಸಿ, ಮಾಂಸ ಮೊಟ್ಟೆಗಳ ಮೂಲಕ ಮನುಷ್ಯರನ್ನು ಸೇರುವ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಮೊದಲಾದ ರೋಗಾಣುಗಳನ್ನು ಅಡಗಿಸುವುದಕ್ಕೆ ಇವುಗಳ ಪ್ರಯೋಗ ನಡೆದಿದೆ. ಹಿಂದಿಯಲ್ಲಿ ಇದಕ್ಕೆ ‘ಜೀವಾಣುಭೋಜಿ’ ಎಂಬ ಪದ ಬಳಕೆಯಲ್ಲಿದೆ. ಅದೇ ಮಾರ್ಗವನ್ನು ಹಿಡಿದರೆ ಕನ್ನಡದಲ್ಲಿ ‘ಬ್ಯಾಕ್ಟೀರಿಯಾಭಕ್ಷಕ’, ‘ಜೀವಾಣುಭಕ್ಷಕ’, ‘ರೋಗಾಣುಭಕ್ಷಕ’ ಎಂಬ ಮೂರು ರೂಪಗಳು ಒದಗುತ್ತವೆ. ಈ ‘ಭಕ್ಷಕ’ ಎಂಬ ಉತ್ತರಪದವು ಯುಕ್ತವೇ, ಅಯುಕ್ತವೇ ಎಂಬುದು ಇಲ್ಲಿಯ ವಿಚಾರ.

ಇದು ಕೋಶಕಾರರ ಕಲಹಮಾತ್ರವೆಂದು ಭಾವಿಸಕೂಡದು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಮೆಕ್ಕೆಜೋಳಕ್ಕೆ ಹೆಸರಾದ ಜಿಲ್ಲೆಯಿದು. ಮೆಕ್ಕೆಜೋಳವೇ ಫಾರಂ ಕೋಳಿಯ ಮೇವಿನ ಮುಖ್ಯಭಾಗ. ೧೯೯೭ರಲ್ಲಿ ಈ ಜಿಲ್ಲೆ ಏರ್ಪಡುವವರೆಗೆ ಚನ್ನಗಿರಿಯೂ, ಈಗ ನ್ಯಾಮತಿ ಬೇರ್ಪಟ್ಟಿರುವ ಹೊನ್ನಾಳಿಯೂ ಶಿವಮೊಗ್ಗಕ್ಕೆ ಸೇರಿದ್ದುವು. ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದಿತು. ಅಡಕೆಯ ತೋಟದವನಿಗೂ, ಮಳೆಯನ್ನೇ ನಂಬಿದ ಬಯಲುಸೀಮೆಯವನಿಗೂ ಒಂದೇ ಅರ್ಥವನ್ನು ಕೊಡುವ ಶಬ್ದ ಇಲ್ಲಿ ಬೇಕಾಗಿದೆ. ೨೦೧೯ರಲ್ಲಿ ಕೇಂದ್ರಸರ್ಕಾರವು ಕೊಲಿಸ್ಟಿನ್ ಎಂಬ ಪ್ರತಿಜೈವಿಕವನ್ನು ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಕೊಡಕೂಡದೆಂದು ನಿಷೇಧಿಸಿತು. ಇಂತಹ ಔಷಧಗಳ ಸ್ಥಾನಕ್ಕೆ ಬರಬಹುದಾದ ವಸ್ತುಗಳ ವಿಷಯದಲ್ಲಿ ರೈತನಿಗೆ ದೊರೆಯುವ ಮೊದಲ ಜ್ಞಾನವು ಹೆಸರಿನಿಂದಲೇ ದೊರೆಯತಕ್ಕದ್ದು. ಹೆಸರು ತಪ್ಪಿದರೆ ಜ್ಞಾನವೂ ತಪ್ಪುವುದು.

೧. ಶಬ್ದದ ಪೂರ್ವಚರಿತ್ರೆ

ಈ ವಸ್ತುವಿನ ಕುರುಹನ್ನು ಇಂಗ್ಲೆಂಡಿನ ಟ್ವಾರ್ಟ್ ಎಂಬಾತನು ೧೯೧೫ರಲ್ಲಿ ಪ್ರಕಟಿಸಿದನು; ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾದುದೂ ಅದೇ ವರ್ಷದಲ್ಲಿ. ೧೯೧೭ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ದೆರೆಲ್ ಎಂಬಾತನು ಇದಕ್ಕೆ ಈಗಿನ ಹೆಸರನ್ನು ಕೊಟ್ಟನು. ಇದರ ಮೊದಮೊದಲ ಚಿಕಿತ್ಸಾಪ್ರಯೋಗಗಳಲ್ಲಿ ಒಂದು ಕೋಳಿಗಳ ಮೇಲೆಯೇ ನಡೆಯಿತೆಂಬುದು ಗಮನಾರ್ಹ: ೧೯೧೯ರಲ್ಲಿ ಫ್ರಾನ್ಸಿನ ಕೋಳಿಗಳಿಗೆ ಸಾಲ್ಮೊನೆಲ್ಲದ ಒಂದು ಪ್ರಭೇದದಿಂದ ಸಾಂಕ್ರಾಮಿಕವುಂಟಾದಾಗ ದೆರೆಲನು ಈ ವಸ್ತುವನ್ನೇ ಕೊಟ್ಟು ಪರೀಕ್ಷಿಸಿದನು.

ಗ್ರೀಕಿನ ‘ಫಾಗೈನ್’ ಎಂಬ ಧಾತುವಿಗೆ ತಿನ್ನುವುದೆಂದು ಅರ್ಥ. ಭಾಷಾಶಾಸ್ತ್ರಜ್ಞರು ಇದನ್ನು ಸಂಸ್ಕೃತದ ‘ಭಜ್’, ‘ಭಕ್ಷ್’ ಧಾತುಗಳಿಗೆ ಸಜಾತೀಯವೆಂದು ಹೇಳುವರು. ಪಾಲು ಪಡೆಯುವುದು ಮೂಲಾರ್ಥ, ಉಣ್ಣುವುದು ಅದರಿಂದ ಬಂದ ಅರ್ಥ. ಹಾಗೆಯೇ ಲ್ಯಾಟಿನಿನ ‘ವೈರಸ್’ ಶಬ್ದವೂ ಸಂಸ್ಕೃತದ ‘ವಿಷ’ವೂ ಏಕಮೂಲದವು. ಆದುದರಿಂದ ‘ಭಕ್ಷಕ’ ಎಂದವರು ನಿರುಕ್ತಿಯಲ್ಲಿ ತಪ್ಪಲಿಲ್ಲ. ಅಣ್ಣನ ಜಾಗದಲ್ಲಿ ತಮ್ಮನನ್ನು ಕೂರಿಸಿದರು. ಆದರೆ ನಿರುಕ್ತಿ ಸರಿಯಾದ ಮಾತ್ರಕ್ಕೆ ಅರ್ಥವು ಸರಿಯಾಗುವುದಿಲ್ಲ.

೨. ಪೂರ್ವಪಕ್ಷ

‘ಭಕ್ಷಕ’ಪಕ್ಷದವರು ಹೇಳಬಹುದಾದುದು ಇಷ್ಟು: ಹೆಸರು ಬೇರೆ, ಲಕ್ಷಣ ಬೇರೆ. ‘ಪಂಕಜ’ವೆಂದರೆ ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಅಲ್ಲ, ರೂಢಿಯಿಂದ ತಾವರೆಯೊಂದೇ. ಹಾಗೆಯೇ ‘ಭಕ್ಷಕ’ವೂ ಯೋಗರೂಢವಾಗಿ ನಿಲ್ಲಬಹುದು. ಮೂಲದ ಹೆಸರಿನಲ್ಲಿಯೂ ಇದೇ ಕೊರತೆಯುಂಟು. ತಿನ್ನುವುದೆಂಬ ಅಕ್ಷರಾರ್ಥದಲ್ಲಿ ಅಲ್ಲ, ಇನ್ನೊಂದರ ವೆಚ್ಚದಲ್ಲಿ ಬೆಳೆಯುವುದೆಂಬ ಅರ್ಥದಲ್ಲಿ ಆ ಪ್ರತ್ಯಯವನ್ನು ಬಳಸಿದುದಾಗಿ ದೆರೆಲನೇ ವಿವರಿಸಬೇಕಾಯಿತು. ಪಾಶ್ಚಾತ್ಯರಿಗೆ ಇದರಿಂದ ಹಾನಿಯಾಗಿಲ್ಲದಿರುವಾಗ ಕನ್ನಡಿಗರಿಗೆ ಏಕಾಗಬೇಕು?

ಈ ವಾದವು ಬಲವಾದುದೇ. ಇದಕ್ಕೆ ಸಮಾಧಾನವನ್ನು ಹೇಳದೆ ‘ಭಕ್ಷಕ’ವನ್ನು ಬಿಡುವುದು ನ್ಯಾಯವಲ್ಲ.

೩. ದೋಷಪರೀಕ್ಷೆ

ಲಕ್ಷಣಕ್ಕೆ ಅಸಂಭವ, ಅತಿವ್ಯಾಪ್ತಿ, ಅವ್ಯಾಪ್ತಿಗಳೆಂದು ಮೂರು ದೋಷಗಳನ್ನು ತಾರ್ಕಿಕರು ಹೇಳುವರು. ಹೆಸರು ಅಪರಿಚಿತ ಭಾಷೆಯದಾದಾಗ ಓದುವವನು ಅದರಲ್ಲಿ ಲಕ್ಷಣವನ್ನು ಹುಡುಕುವುದಿಲ್ಲ. ಲಂಡನ್ನಿನ ಕೋಳಿವ್ಯಾಪಾರಿಗೆ ‘ಫೇಜ್’ ಎಂಬುದು ಅರ್ಥಶೂನ್ಯವಾದ ಅಂಕಿತವಷ್ಟೆ. ಕನ್ನಡಿಗನಿಗಾದರೋ ‘ಭಕ್ಷಕ’ವು ಕನ್ನಡಿಯಂತೆ ತಿಳಿಯಾದ ಪದ, ಬೇರೆ ವಿವರಣೆಯಿಲ್ಲದವನಿಗೆ ಅದೇ ಲಕ್ಷಣವಾಗಿ ಪರಿಣಮಿಸುತ್ತದೆ. ರೂಢಿ ನಿಲ್ಲುವುದಕ್ಕೆ ಕಾಲ ಬೇಕು. ಅಲ್ಲಿಯವರೆಗೆ ಯೋಗಾರ್ಥವೇ ಆಳುವುದು. ಮೂಲದಲ್ಲಿ ನಿದ್ರಿಸುತ್ತಿರುವ ದೋಷವು ಅನುವಾದದಲ್ಲಿ ಎಚ್ಚರಗೊಳ್ಳುವುದು ಹೀಗೆ. ಪೂರ್ವಪಕ್ಷಕ್ಕೆ ಇದೇ ಸಮಾಧಾನ.

ಮೊದಲನೆಯದು ಅಸಂಭವ. ಗೋವಿಗೆ ಒಂಟಿಗೊರಸನ್ನು ಹೇಳಿದಂತೆ, ಈ ವಸ್ತುವಿಗೆ ಭಕ್ಷಣವನ್ನು ಹೇಳುವುದು. ಇದಕ್ಕೆ ಬಾಯಿಯಿಲ್ಲ, ಜಠರವಿಲ್ಲ, ಹಸಿವಿಲ್ಲ. ಏಕಾಣುಜೀವಿಯ ಹೊರಮೈಯಲ್ಲಿ ತನಗೆ ಹೊಂದುವ ತಾಣವನ್ನು ಕಂಡು ಅಂಟಿಕೊಂಡು, ತನ್ನ ವಂಶದ್ರವ್ಯವನ್ನು ಒಳಕ್ಕೆ ಸೇರಿಸುತ್ತದೆ. ಆ ಜೀವಿಯ ಉಪಕರಣಗಳಿಂದಲೇ ತನ್ನ ಪ್ರತಿಗಳನ್ನು ಹತ್ತಾರು, ನೂರಾರು ಸಂಖ್ಯೆಯಲ್ಲಿ ಮಾಡಿಸುತ್ತದೆ. ಕೊನೆಗೆ ಒಳಗಿನಿಂದ ಗೋಡೆ ಒಡೆದು ಅವು ಹೊರಬೀಳುತ್ತವೆ. ಇಲ್ಲಿ ನಡೆದುದು ಪರಗೃಹಪ್ರವೇಶ, ಸಂತಾನವೃದ್ಧಿ, ಭಿತ್ತಿಭೇದನ, ಊಟವಲ್ಲ. ಬೆಂಗಳೂರಿನಲ್ಲಿ ೨೦೦೦ದಲ್ಲಿ ಸ್ಥಾಪಿತವಾದ ಗಂಗಾಜೆನ್ ಎಂಬ ಸಂಸ್ಥೆಯು ಸ್ಟ್ಯಾಫಿಲೊಕಾಕಸ್ ರೋಗಾಣುವಿಗೆ ವಿರುದ್ಧವಾಗಿ ರೂಪಿಸಿದ ‘ಪಿ ೧೨೮’ ಎಂಬ ಪ್ರೋಟೀನಿನಲ್ಲಿ, ಇಂತಹ ವೈರಸ್ಸಿನಿಂದ ಪಡೆದ ಗೋಡೆ ಕಡಿಯುವ ಭಾಗವನ್ನೇ ಬಳಸಿಕೊಂಡಿದೆ. ಗೋಡೆಯನ್ನು ಕೆಡಿಸುವುದು ಇದರ ಬಲ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಅತಿವ್ಯಾಪ್ತಿ. ‘ಜೀವಾಣುಭಕ್ಷಕ’ವೆಂದರೆ ಜೀವಾಣುಗಳನ್ನು ನಿಜವಾಗಿಯೇ ನುಂಗುವ ಅಮೀಬವೂ, ರಕ್ತದ ಕೆಲವು ಬಿಳಿಕಣಗಳೂ ಆ ಹೆಸರಿಗೆ ಹೆಚ್ಚು ಅರ್ಹವಾಗುತ್ತವೆ. ಮೂರನೆಯದು ಅವ್ಯಾಪ್ತಿ. ‘ರೋಗಾಣುಭಕ್ಷಕ’ವೆಂದರೆ, ರೋಗವನ್ನುಂಟುಮಾಡದ ಏಕಾಣುಜೀವಿಗಳನ್ನು ಹೊಗುವ ಅಸಂಖ್ಯಾತ ವೈರಸ್ಸುಗಳು ಹೊರಗುಳಿಯುತ್ತವೆ. ಇನ್ನು ‘ಬ್ಯಾಕ್ಟೀರಿಯಾಭಕ್ಷಕ’ದಲ್ಲಿ ಅನ್ಯದೇಶ್ಯಕ್ಕೆ ಸಂಸ್ಕೃತವನ್ನು ಬೆಸೆದಿದೆ. ಕೇಶಿರಾಜನು ವಿಚಾರಿಸಿದ ಅರಿಸಮಾಸದ ದೋಷಕ್ಕೆ ಇದೂ ನೆಂಟನೇ. ಆದರೆ ಶಾಸ್ತ್ರಗ್ರಂಥಗಳಲ್ಲಿ ಇಂತಹ ಬೆಸುಗೆ ಅನಿವಾರ್ಯವಾಗಿರುವುದರಿಂದ ಅದನ್ನು ದೊಡ್ಡದು ಮಾಡಬೇಕಾಗಿಲ್ಲ.

ದೊಡ್ಡ ದೋಷವಿರುವುದು ವ್ಯಂಜನೆಯಲ್ಲಿ. ಕನ್ನಡದ ನುಡಿಯಲ್ಲಿ ‘ಭಕ್ಷಕ’ವು ಒಂಟಿಯಾಗಿ ಬರುವುದು ಅಪೂರ್ವ; ರಕ್ಷಕನೇ ಭಕ್ಷಕನಾದನೆಂಬ ದೂರಿನ ಮಾತಿನಲ್ಲಿಯೇ ಅದು ಜನರ ಕಿವಿಗೆ ಬೀಳುತ್ತದೆ. ಕೋಳಿಯನ್ನು ಕಾಯಬೇಕಾದ ವಸ್ತುವಿಗೆ ಈ ಹೆಸರನ್ನಿಟ್ಟರೆ, ರೋಗಾಣು ಮುಗಿದ ಮೇಲೆ ಇದು ಏನನ್ನು ತಿಂದೀತು ಎಂಬ ಶಂಕೆ ಸಹಜವಾಗಿಯೇ ಹುಟ್ಟುವುದು. ಇದರೊಡನೆ ‘ವೈರಸ್’ ಶಬ್ದವೂ ಸೇರಿದರೆ ಶಂಕೆ ಭಯವಾಗುತ್ತದೆ. ೨೦೨೦ರ ಮಾರ್ಚಿಯಲ್ಲಿ ಇದೇ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು, ಅದು ವೈರಸ್ಸಿನಿಂದಾದುದು. ಕೊಕ್ಕರೆ ರೋಗವೂ ಹಾಗೆಯೇ. ಪ್ರಕೃತ ವಸ್ತುವು ಏಕಾಣುಜೀವಿಯನ್ನಲ್ಲದೆ ಕೋಳಿಯ ಕಣವನ್ನಾಗಲಿ ಮನುಷ್ಯನ ಕಣವನ್ನಾಗಲಿ ಹೊಗಲಾರದು. ಹೊಗುವ ಜೀವಿ ಇಲ್ಲವಾದರೆ ಹೆಚ್ಚಲಾರದೆ ಕ್ರಮೇಣ ನಶಿಸುವುದು. ಹಕ್ಕಿಜ್ವರಕ್ಕೂ ಕೊಕ್ಕರೆ ರೋಗಕ್ಕೂ ಇದು ಮದ್ದೂ ಅಲ್ಲ.

ಅಭಯದ ಕಡೆಗೂ ಈ ಶಬ್ದ ದಾರಿತಪ್ಪಿಸಬಲ್ಲುದು. ಭಕ್ಷಕನು ಸಿಕ್ಕಿದುದೆಲ್ಲವನ್ನೂ ತಿನ್ನುವನು. ಈ ವಸ್ತು ಹಾಗಲ್ಲ. ೨೦೦೭ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಾಲ್ಮೊನೆಲ್ಲದ ಮೂರು ಪ್ರಭೇದಗಳನ್ನು ಬ್ರಾಯ್ಲರ್ ಕೋಳಿಗಳಿಗೆ ತಗಲಿಸಿ ಆಯಾ ಪ್ರಭೇದಕ್ಕೆ ಆರಿಸಿದ ವೈರಸ್ಸುಗಳನ್ನು ಕೊಡಲಾಯಿತು. ೨೪ ಗಂಟೆಗಳೊಳಗೆ ಎಂಟೆರಿಟಿಡಿಸ್ ಎಂಬುದು ೧೦,೦೦೦ದಲ್ಲಿ ಒಂದು ಪಾಲಿಗೂ ಕಡಮೆಯಾಯಿತು. ಟೈಫಿಮ್ಯೂರಿಯಮ್ ೧೦೦ರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯಿತು. ಹಡಾರ್ ಎಂಬ ಮೂರನೆಯದು ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಎದುರಿಸಿ ಉಳಿಯುವ ರೋಗಾಣುಗಳೂ ಹುಟ್ಟಿಕೊಳ್ಳುತ್ತವೆ. ಈ ಕಾರಣದಿಂದಲೇ ೨೦೦೬ರಲ್ಲಿ ಅಮೆರಿಕದ ಸರ್ಕಾರವು ಸಿದ್ಧ ಮಾಂಸಗಳ ಮೇಲೆ ಲಿಸ್ಟೀರಿಯಾ ರೋಗಾಣುವನ್ನಡಗಿಸಲು ಒಪ್ಪಿದ ದ್ರವದಲ್ಲಿ ಆರು ಬಗೆಯ ವೈರಸ್ಸುಗಳ ಮಿಶ್ರಣವಿದ್ದಿತು. ‘ಭಕ್ಷಕವನ್ನು ಹಾಕಿದೆ, ಇನ್ನು ಶುಚಿ ಬೇಡ’ ಎಂದು ಶೆಡ್ಡಿನವನೂ, ‘ಚೆನ್ನಾಗಿ ಬೇಯಿಸಬೇಕಾಗಿಲ್ಲ’ ಎಂದು ಅಡುಗೆಯವನೂ ತಿಳಿದರೆ ಅಪಾಯವು ಹೆಸರಿನಿಂದಲೇ ಬಂದಂತಾಗುವುದು.

೪. ಪರ್ಯಾಯಗಳು

‘ಭೇದನ’ವೇ ಕ್ರಿಯೆಯಾದುದರಿಂದ ‘ಜೀವಾಣುಭೇದಿ’ ಎನ್ನೋಣವೆಂದರೆ, ಸಂಸ್ಕೃತದಲ್ಲಿ ಸಾಧುವಾದ ಆ ಪದ ಕನ್ನಡದಲ್ಲಿ ನಗೆಗೀಡಾಗುತ್ತದೆ. ಭೇದಿಯೆಂದರೆ ಹೊಟ್ಟೆಯ ಬೇನೆ. ಕೋಳಿಮರಿಗಳಿಗೆ ಸಾಲ್ಮೊನೆಲ್ಲದಿಂದ ಬರುವ ರೋಗಕ್ಕೇ ‘ಬಿಳಿಭೇದಿ’ ಎಂದು ಹೆಸರು. ರೋಗವನ್ನೂ ಮದ್ದನ್ನೂ ಒಂದೇ ಶಬ್ದದಿಂದ ಕರೆದಂತಾಗುವುದು. ‘ವಿದಾರಕ’ವೆನ್ನೋಣವೆಂದರೆ, ಒಡೆಯದೆ ಏಕಾಣುಜೀವಿಯ ವಂಶದ್ರವ್ಯದಲ್ಲಿಯೇ ಸೇರಿ ಅಡಗಿರುವ ಬಗೆಗಳೂ ಉಂಟು. ಕಾಲರಾ ರೋಗಾಣುವಿಗೆ ವಿಷವನ್ನು ತಯಾರಿಸುವ ಶಕ್ತಿಯನ್ನು ತಂದುಕೊಡುವುದೂ ಇಂತಹ ಒಂದು ವೈರಸ್ಸೇ ಎಂದು ೧೯೯೬ರಲ್ಲಿ ತಿಳಿದುಬಂದಿತು. ‘ಮಿತ್ರವೈರಾಣು’ ಎಂಬ ಹೊಗಳಿಕೆಯೂ ಇದರಿಂದಲೇ ನಿಲ್ಲದು.

ಗಂಗೆಯ ಹೆಸರಿನಿಂದ ಇದಕ್ಕೆ ಪ್ರಾಚೀನತೆಯನ್ನು ಕಲ್ಪಿಸುವುದೂ ಯುಕ್ತವಲ್ಲ. ಗಂಗೆ ಯಮುನೆಗಳ ನೀರು ಕಾಲರಾ ರೋಗಾಣುವನ್ನು ಕೊಲ್ಲುವುದೆಂದು ಹ್ಯಾಂಕಿನ್ ಎಂಬಾತನು ೧೮೯೬ರಲ್ಲಿ ಬರೆದುದು ನಿಜ. ಆದರೆ ಕಾರಣವಾದ ವಸ್ತು ಯಾವುದೆಂದು ಅವನು ಕಾಣಲಿಲ್ಲ. ಗಂಗೆಯ ಪಾವನತ್ವವು ಶ್ರುತಿಸ್ಮೃತಿಗಳಿಂದ ಸಿದ್ಧವಾದುದು. ಅದಕ್ಕೆ ವೈರಸ್ಸಿನ ಊರುಗೋಲು ಬೇಕಾಗಿಲ್ಲ. ವೈರಸ್ಸಿನ ಗುಣವು ಪರೀಕ್ಷೆಯಿಂದ ಸಿದ್ಧವಾಗತಕ್ಕುದು; ಅದಕ್ಕೆ ಪುರಾಣದ ಪ್ರಮಾಣ ಸಲ್ಲದು. ಎರಡನ್ನು ಬೆರಸಿದರೆ ಎರಡಕ್ಕೂ ಹಾನಿ.

೫. ಸಿದ್ಧಾಂತ

ಹೀಗಿರಲು, ‘ಫೇಜು’ ಎಂದು ಕನ್ನಡದ ಉಕಾರವನ್ನು ಹಚ್ಚಿ, ಬಸ್ಸು, ರೈಲುಗಳಂತೆ ಅನ್ಯದೇಶ್ಯವಾಗಿ ಸ್ವೀಕರಿಸುವುದೇ ಲೇಸು. ಅದು ಏನನ್ನೂ ಹೇಳುವುದಿಲ್ಲವೆಂಬುದೇ ಅದರ ಗುಣ. ಹೇಳಬೇಕಾದುದನ್ನು ಹೇಳುವ ಹೊಣೆ ವಾಕ್ಯಕ್ಕೆ ಬೀಳುತ್ತದೆ. ಆ ವಾಕ್ಯವು ಈ ಮಾದರಿಯದಾಗಬಹುದು: “ಫೇಜು ಎಂಬುದು ತನಗೆ ಹೊಂದುವ ಜಾತಿಯ ಏಕಾಣುಜೀವಿಯ ಒಳಹೊಕ್ಕು, ಅದರಲ್ಲಿಯೇ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುವ ಅತಿಸೂಕ್ಷ್ಮ ವಸ್ತು; ಆ ಜೀವಿಯನ್ನು ತಪ್ಪದೆ ಒಡೆಯುವ ಫೇಜುಗಳನ್ನು ಮಾತ್ರ ಆರಿಸಿ ಕೋಳಿಗೆ ಕೊಡತಕ್ಕದ್ದು; ಇದರಿಂದ ರೋಗಾಣು ಕಡಮೆಯಾಗಬಹುದೇ ಹೊರತು ನಿರ್ಮೂಲವಾಗದು.” ಇದರಲ್ಲಿ ಮೇಲ್ಕಂಡ ಮೂರು ದೋಷಗಳಿಲ್ಲ; ಚನ್ನಗಿರಿಯವನಿಗೂ ಜಗಳೂರಿನವನಿಗೂ ಅರ್ಥವಾಗದ ಮಾತೂ ಇಲ್ಲ.

ಸಂಸ್ಕೃತದಿಂದ ಪಾರಿಭಾಷಿಕಗಳನ್ನು ಸೃಷ್ಟಿಸುವ ಪದ್ಧತಿ ಕನ್ನಡಕ್ಕೆ ಬಹಳ ಉಪಕಾರವನ್ನು ಮಾಡಿದೆ, ಮುಂದೆಯೂ ಮಾಡುವುದು. ಆದರೆ ಸಂಸ್ಕೃತಪದವು ಕನ್ನಡದಲ್ಲಿ ನೂರಾರು ವರ್ಷ ಬಾಳಿ ತನ್ನದೇ ಆದ ಧ್ವನಿಯನ್ನು ಪಡೆದಿರುತ್ತದೆ. ಧಾತುಪಾಠವನ್ನು ನೋಡಿದವನು ಆ ಧ್ವನಿಗೂ ಕಿವಿಗೊಡಬೇಕು. ಶಾಲೆ ಕಾಲೇಜುಗಳ ಕನ್ನಡ ಉಪಾಧ್ಯಾಯರು ಪಾರಿಭಾಷಿಕ ಪದವನ್ನು ಬಾಯಿಪಾಠ ಮಾಡಿಸುವ ಮುನ್ನ, ಅದು ಕೇಳಿದವನ ಮನಸ್ಸಿನಲ್ಲಿ ಯಾವ ಚಿತ್ರವನ್ನು ಬರೆಯುವುದೆಂದು ವಿದ್ಯಾರ್ಥಿಗಳಿಂದಲೇ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೋಳಿ ಸಾಕುವವರ ಮಕ್ಕಳಿರುವ ತರಗತಿಯಲ್ಲಿ ಆ ಪರೀಕ್ಷೆಗೆ ‘ಭಕ್ಷಕ’ಕ್ಕಿಂತ ತಕ್ಕ ಶಬ್ದ ದೊರೆಯುವುದು ಕಷ್ಟ.