ಮಾಲೆಗೊದಗದ ಹೂವು

ನಮ್ಮಲ್ಲಿ ಹೂವೆಂದರೆ ಒಂದೋ ದೇವರಿಗೆ, ಇಲ್ಲವೇ ಮುಡಿಗೆ. ಬಾಳೆನಾರಿಗೆ ಒಗ್ಗದ, ಮೊಳದ ಲೆಕ್ಕಕ್ಕೆ ಸಿಗದ ಹೂವನ್ನು ನಾವು ಕಣ್ಣೆತ್ತಿ ನೋಡುವುದೂ ಕಡಿಮೆ. ಆ ಲೆಕ್ಕದಲ್ಲಿ ಮಾರ್ನಿಂಗ್ ಗ್ಲೋರಿ ಪೂರಾ ಕೆಲಸಕ್ಕೆ ಬಾರದ್ದು. ಕಿತ್ತರೆ ಅಂಗೈಯಲ್ಲೇ ಸೊರಗುತ್ತದೆ, ಪರಿಮಳವೂ ಇಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಮುದುಡಿ ಮುಗಿದಿರುತ್ತದೆ. ಹೂವಿನ ಮಾರುಕಟ್ಟೆಯಲ್ಲಿ ಇದರ ಬುಟ್ಟಿ ಯಾಕಿಲ್ಲವೆಂದು ಕೇಳಬೇಕಾಗಿಲ್ಲ. ನೋಡಬೇಕೆಂದರೆ ನಾವೇ ಬಿತ್ತಬೇಕು, ಬೇಗ ಏಳಬೇಕು. ಈ ಎರಡು ಷರತ್ತುಗಳಲ್ಲೇ ಅದರ ಸೊಗಸಿದೆ ಎಂಬುದು ನನ್ನ ವಾದ.

ಬೀಜ ಕಪ್ಪಗೆ, ಒಂದು ಬದಿ ಉಬ್ಬು, ಉಳಿದೆರಡು ಬದಿ ಚಪ್ಪಟೆ. ಸಿಪ್ಪೆ ಗಟ್ಟಿ, ಹಾಗೇ ಮಣ್ಣಿಗೆ ಹಾಕಿದರೆ ಕೆಲವು ವಾರಗಟ್ಟಲೆ ಕದಲುವುದಿಲ್ಲ. ಕಣ್ಣಿರುವ ಜಾಗ ಬಿಟ್ಟು ಉಬ್ಬಿದ ಬೆನ್ನನ್ನು ಉಪ್ಪುಕಾಗದದಲ್ಲಿ ಒಂದೆರಡು ಸಲ ಉಜ್ಜಿ, ರಾತ್ರಿ ನೀರಲ್ಲಿ ನೆನೆಹಾಕಬೇಕು. ಬೆಳಗ್ಗೆ ನೋಡಿದರೆ ಕೆಲವು ಊದಿಕೊಂಡಿರುತ್ತವೆ, ಕೆಲವು ಹಾಗೇ ಇರುತ್ತವೆ. ಊದಿದ್ದನ್ನು ಅರ್ಧ ಇಂಚು ಆಳಕ್ಕೆ ಊರಿ, ಊದದ್ದನ್ನು ಮತ್ತೆ ಉಜ್ಜಿ. ಒಂದು ವಾರದೊಳಗೆ ಮಣ್ಣು ಬಿರುಕುಬಿಟ್ಟು ಬಾಗಿದ ಕುತ್ತಿಗೆ ಮೇಲೆ ಬರುತ್ತದೆ. ಮೊದಲ ಎರಡು ಎಲೆಗಳು ನಡುವೆ ಆಳವಾಗಿ ಸೀಳಿ ಕವಲೊಡೆದಿರುತ್ತವೆ. ಮುಂದೆ ಬರುವ ಎಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಬೀಜದ ಸಿಪ್ಪೆ ಟೋಪಿಯಂತೆ ತಲೆಗೆ ಕಚ್ಚಿಕೊಂಡಿದ್ದರೆ ಎಳೆಯಬೇಡಿ, ನೀರು ಚಿಮುಕಿಸಿ ಬಿಡಿ. ಬೇರು ಕೆದಕುವುದು ಇದಕ್ಕೆ ಆಗಿಬರುವುದಿಲ್ಲ; ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತುವುದು ಲೇಸು. ಗೊಬ್ಬರದ ಕೈ ಬಿಗಿಯಾಗಿರಲಿ. ಉಪಚಾರ ಹೆಚ್ಚಾದರೆ ಬಳ್ಳಿ ತುಂಬ ಎಲೆ, ಹೂವಿಗೆ ಬರ.

ದಾರ ಕಟ್ಟಿಕೊಟ್ಟ ಮೇಲೆ ತಮಾಷೆ ಶುರು. ಕುಡಿ ಗಾಳಿಯಲ್ಲಿ ಸುತ್ತು ಹಾಕುತ್ತ ಆಸರೆ ಹುಡುಕುತ್ತದೆ. ಮೇಲಿನಿಂದ ನೋಡಿದರೆ ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರಾಗಿ. ಎದುರು ದಿಕ್ಕಿಗೆ ನೀವು ಸುತ್ತಿಬಿಟ್ಟರೆ ಕುಡಿ ಒಪ್ಪುವುದಿಲ್ಲ, ತನ್ನ ದಾರಿಗೇ ಮರಳುತ್ತದೆ.

ತಳಿಗಳಲ್ಲಿ ನನ್ನ ಮತ ‘ಹೆವನ್ಲಿ ಬ್ಲೂ’ಗೆ. ಮೆಕ್ಸಿಕೊ, ಮಧ್ಯ ಅಮೆರಿಕ ಮೂಲದ ಜಾತಿಯಿಂದ ಬಂದದ್ದು. ನಾಳೆ ಅರಳುವ ಮೊಗ್ಗನ್ನು ಸಂಜೆಯೇ ಗುರುತಿಸಬಹುದು: ಮಡಿಸಿದ ಕೊಡೆಯ ಹಾಗೆ ತಿರುಚಿಕೊಂಡು ಉದ್ದವಾಗಿರುತ್ತದೆ, ಬಣ್ಣ ಕೆಂಪು ಬೆರೆತ ನೇರಳೆ. ಬೆಳಕು ಹರಿಯುವ ಹೊತ್ತಿಗೆ ತಿರುವು ಸಡಿಲಿಸಿ, ಐದು ಮಡಿಕೆ ಬಿಚ್ಚಿ, ಅದೇ ಎಸಳು ತಿಳಿ ನೀಲಿಯಾಗಿ ನಿಲ್ಲುತ್ತದೆ. ಹೊಸ ಬಣ್ಣವೇನೂ ಬಂದು ಸೇರುವುದಿಲ್ಲ. ಜಪಾನಿನ ಕುಮಿ ಯೋಶಿದಾ ಮತ್ತು ಸಂಗಡಿಗರು 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಎಸಳಿನ ಕೋಶರಸದ ಪಿಎಚ್ 6.6ರಿಂದ 7.7ಕ್ಕೆ ಏರುತ್ತದೆ, ಅಷ್ಟೆ. ಇದ್ದ ವರ್ಣದ್ರವ್ಯವೇ ನೀಲಿಗೆ ತಿರುಗುತ್ತದೆ. ಗಂಟಲಿನ ಕಡೆ ಬಿಳುಪು, ಇನ್ನೂ ಒಳಗೆ ಹಳದಿ. ಎಸಳು ಎಷ್ಟು ತೆಳುವೆಂದರೆ ಹಿಂದಿನಿಂದ ಬಿಸಿಲು ಬಿದ್ದಾಗ ಆ ಬಿಳುಪಿನಲ್ಲಿ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಮೊಬೈಲಿನಲ್ಲಿ ಈ ನೀಲಿ ನೆಟ್ಟಗೆ ಬಂದದ್ದನ್ನು ನಾನು ಕಂಡಿಲ್ಲ.

ಈ ಹೂವಿನ ಹುಚ್ಚನ್ನು ಪೂರ್ತಿ ಹತ್ತಿಸಿಕೊಂಡವರು ಜಪಾನಿನವರು. ಅಲ್ಲಿ ಇದು ‘ಅಸಗಾವೊ’, ಜಾತಿ ಬೇರೆ. ಅದೇ ಜಾತಿ ನಮ್ಮ ಆಯುರ್ವೇದದಲ್ಲಿ ಕೃಷ್ಣಬೀಜ. ಜಪಾನಿಗೂ ಅದು ಚೀನಾದಿಂದ ಭೇದಿಯ ಔಷಧಿಯಾಗಿಯೇ ಹೋದದ್ದು. 19ನೇ ಶತಮಾನದ ಎದೊ ನಗರದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಅದು ಷೋಕಿಯಾಯಿತು: ಎಸಳು ಎಳೆ ಎಳೆಯಾಗಿ ಹರಿದವು, ಎಲೆ ಸುರುಳಿಗಟ್ಟಿದವು, ಹೂವೆಂದೇ ಗುರುತು ಸಿಗದವು. ಇಂಥ ವಿಚಿತ್ರಗಳಲ್ಲಿ ಬಹಳಷ್ಟು ಬೀಜ ಕಟ್ಟುವುದಿಲ್ಲ. ಬೆಳೆಗಾರರು ಸಾದಾ ಕಾಣುವ ಒಡಹುಟ್ಟು ಗಿಡಗಳ ಬೀಜ ಕಾಪಾಡಿ ತಳಿ ಉಳಿಸಿಕೊಂಡರು, ಅದೂ ಮೆಂಡಲ್ ಅನುವಂಶೀಯತೆಯ ನಿಯಮ ಬರೆಯುವುದಕ್ಕೆ ಮೊದಲೇ. ಇವತ್ತೂ ಟೋಕಿಯೊದ ಇರಿಯಾದಲ್ಲಿ ಜುಲೈ 6ರಿಂದ 8ರವರೆಗೆ ಇದರ ಕುಂಡಗಳ ಸಂತೆ ನೆರೆಯುತ್ತದೆ. ಟೀ ಗುರು ರಿಕ್ಯುವಿನ ಕಥೆಯೂ ಇದೆಯಲ್ಲ: ತೋಟದ ಅಸಗಾವೊ ನೋಡಲು ಜಪಾನನ್ನು ಆಳುತ್ತಿದ್ದ ಹಿದೆಯೋಶಿ ಬರುವನೆಂದಾಗ ಎಲ್ಲ ಹೂವನ್ನೂ ತರಿಸಿಹಾಕಿ, ಟೀ ಕೋಣೆಯಲ್ಲಿ ಒಂದನ್ನೇ ಇಟ್ಟನಂತೆ. ಎಲ್ಲರೂ ಭೇಷ್ ಎನ್ನುತ್ತಾರೆ. ನನಗೆ ಮಾತ್ರ ಅದು ಅತಿಯೆನಿಸುತ್ತದೆ. ಬಳ್ಳಿ ತುಂಬ ನೂರು ಬಾಯಿ ತೆರೆದು ನಿಂತದ್ದನ್ನು ನೋಡಲು ಹೆದರಬೇಕಾದ್ದೇನಿದೆ?

ನಮ್ಮೂರುಗಳಲ್ಲಿ ಒಂದು ಅನುಕೂಲ. ಕೃಷ್ಣಬೀಜದ ಬಳ್ಳಿ ಹೂ ಬಿಡುವುದು ಉದ್ದ ರಾತ್ರಿಗೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ಕಿರುರಾತ್ರಿಯೂ ಸುಮಾರು 11 ಗಂಟೆಯಷ್ಟಿರುವುದರಿಂದ ಯಾವಾಗ ಬಿತ್ತಿದರೂ ಹೂವು ಬರುತ್ತದೆ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಬಿತ್ತುವುದು ಸುಲಭ, ಆರು ಗಂಟೆ ಬಿಸಿಲು ಸಿಗುವ ಜಾಗವಿದ್ದರಾಯಿತು.

ಕಾಯಿ ಒಣಗಿ ಕಂದಾದ ಮೇಲೆ ಬೀಜ ತೆಗೆದಿಡಿ. ನೆಲಕ್ಕೆ ಉದುರಿದರೆ ಮುಂದಿನ ವರ್ಷ ಕಳೆಯಾಗಿ ಏಳುತ್ತವೆ. ಈ ಕುಲದ ಬಳ್ಳಿಗಳ ಹೆಸರೆತ್ತಿದರೆ ರೈತರು ಸಿಡುಕುವುದು ಸುಮ್ಮನೆ ಅಲ್ಲ. ಬೀಜ ವಿಷ, ಬಾಯಿಗೆ ಹೋದರೆ ವಾಂತಿ, ಭೇದಿ. ಪೊಟ್ಟಣದ ಮೇಲೆ ಹೆಸರು ಬರೆದು ಮಕ್ಕಳ ಕೈಗೆಟುಕದ ಕಡೆ ಇಡಿ, ನೆರೆಮನೆಯವರು ಕೇಳಿದರೆ ಕೊಡುವಾಗ ಇದನ್ನೂ ಹೇಳಿಯೇ ಕೊಡಿ.