ಗುಪ್ತಪದ ಎಲ್ಲಿದೆ ಎಂದು ಕಲಿಸಿದರೆ ಸಾಕೆ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಯೋಜನೆಯಲ್ಲಿ ‘ಯುನಿಕ್ಸ್ ಅಂಡ್ ಶೆಲ್ ಪ್ರೋಗ್ರಾಮಿಂಗ್’ ಎಂಬ ವಿಷಯವಿತ್ತು. ಇನ್ನಂಜೆಗೆ ಸಮೀಪದ ಬಂಟಕಲ್ಲಿನ ಇಂಜಿನಿಯರಿಂಗ್ ಕಾಲೇಜೂ ಸೇರಿದಂತೆ ಸಂಯೋಜಿತ ಕಾಲೇಜುಗಳಿಗೆ ಗೊತ್ತುಪಡಿಸಿದ್ದ ಪಠ್ಯವಿದು. ಅದರ ಮೊದಲ ಘಟಕದಲ್ಲೇ ರೂಟ್ ಲಾಗಿನ್, ‘ಸು’ ಆದೇಶ, /ಇಟಿಸಿ/ಪಾಸ್‌ಡಬ್ಲ್ಯುಡಿ ಮತ್ತು /ಇಟಿಸಿ/ಶ್ಯಾಡೋ ಕಡತಗಳು, ಬಳಕೆದಾರರನ್ನು ಸೇರಿಸುವ, ತೆಗೆಯುವ ಆದೇಶಗಳು ಬರುತ್ತವೆ. ಆಯ್ಕೆ ಒಳ್ಳೆಯದೇ. ಆದರೆ ಪಾಠ ಅಲ್ಲಿಗೇ ನಿಂತಿತು. ಗುಪ್ತಪದವನ್ನು ಎಲ್ಲಿ ಇಡುತ್ತಾರೆಂದು ವಿದ್ಯಾರ್ಥಿಗೆ ತಿಳಿಯಿತು. ಅದನ್ನು ಕೇಳಿ, ಪರೀಕ್ಷಿಸಿ, ‘ಒಳಗೆ ಬಾ’ ಎಂದು ತೀರ್ಮಾನಿಸುವವರು ಯಾರೆಂದು ತಿಳಿಯಲಿಲ್ಲ.

ಹಳೆಯ ಯುನಿಕ್ಸ್‌ನಲ್ಲಿ ಲಾಗಿನ್, ಸು ಮುಂತಾದ ಪ್ರತಿಯೊಂದು ತಂತ್ರಾಂಶವೂ ಗುಪ್ತಪದವನ್ನು ತಾನೇ ಹೋಲಿಸಿ ನೋಡುತ್ತಿತ್ತು. ಹೊಸ ವಿಧಾನ ಬೇಕೆಂದರೆ ಎಲ್ಲವನ್ನೂ ತಿದ್ದಬೇಕಿತ್ತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಸ್ಕೀಮರ್ಸ್ ಈ ಹೊಣೆಯನ್ನು ಪ್ರತ್ಯೇಕ ಘಟಕಗಳಿಗೆ ಒಪ್ಪಿಸುವ ‘ಪ್ಯಾಮ್’ ವಿನ್ಯಾಸವನ್ನು ಮುಂದಿಟ್ಟರು. ಇಂದು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಇದೇ.

ಡೆಬಿಯನ್ ಅಥವಾ ಉಬುಂಟು ಇರುವ ಗಣಕದಲ್ಲಿ /ಇಟಿಸಿ/ಪ್ಯಾಮ್.ಡಿ/ಕಾಮನ್-ಆತ್ ಕಡತವನ್ನು ತೆರೆದು ನೋಡಿ. ಪೂರ್ವನಿಯೋಜಿತ ದೃಢೀಕರಣ ವಿಧಾನ ಇರುವುದು ಇಲ್ಲಿ. ಸರಳ ಸ್ಥಾಪನೆಯಲ್ಲಿ ಮುಖ್ಯವಾದವು ಮೂರೇ ಸಾಲು. ಮೊದಲನೆಯದು ಗುಪ್ತಪದವನ್ನು ಪರೀಕ್ಷಿಸುತ್ತದೆ. ಸರಿಯಿದ್ದರೆ ‘ಸಕ್ಸೆಸ್=1’, ಅಂದರೆ ಮುಂದಿನ ಒಂದು ಸಾಲನ್ನು ಹಾರು; ತಪ್ಪಿದ್ದರೆ ಆ ಫಲಿತಾಂಶವನ್ನು ಕಡೆಗಣಿಸಿ ಮುಂದೆ ಹೋಗು. ಎರಡನೆಯದು ‘ಡಿನೈ’, ಯಾರೇ ಬಂದರೂ ನಿರಾಕರಿಸುತ್ತದೆ. ಮೂರನೆಯದು ‘ಪರ್ಮಿಟ್’, ಯಾರೇ ಬಂದರೂ ಒಪ್ಪುತ್ತದೆ.

ಈಗ ಪ್ರಯೋಗಾಲಯದ ಗಣಕಗಳಿಗೆಲ್ಲ ಒಂದೇ ಸರ್ವರ್‌ನಿಂದ ದೃಢೀಕರಣ ಆಗಲೆಂದು, ಎಲ್‌ಡ್ಯಾಪ್ ಘಟಕದ ಸಾಲೊಂದನ್ನು ಮೊದಲೆರಡು ಸಾಲುಗಳ ನಡುವೆ ಕೈಯಿಂದಲೇ ಸೇರಿಸಿ, 1 ಅನ್ನು 2 ಮಾಡುವುದನ್ನು ಬಿಟ್ಟರೆನ್ನಿ. ಗುಪ್ತಪದ ಸರಿಯಿದ್ದರೂ ಹಾರಿ ಬೀಳುವುದು ನೇರವಾಗಿ ‘ಡಿನೈ’ ಮೇಲೆ. ರೂಟ್ ಕೂಡ ಹೊರಗೆ! ‘ಡಿನೈ’ ಸಾಲು ಅನಗತ್ಯವೆಂದು ಅಳಿಸಿದರೆ ಇನ್ನೂ ಕೆಟ್ಟದ್ದು. ತಪ್ಪು ಗುಪ್ತಪದ ಕೊಟ್ಟವನು ‘ಪರ್ಮಿಟ್’ ತಲಪಿ ಒಳಗೆ ಬರುತ್ತಾನೆ. ಈ ಎರಡೂ ಸಂದರ್ಭಗಳಲ್ಲಿ ಶ್ಯಾಡೋ ಕಡತದ ಒಂದಕ್ಷರವೂ ಬದಲಾಗಿಲ್ಲ. ಪಠ್ಯ ಕಲಿಸಿದ ಕಡತವನ್ನೇ ಎಷ್ಟು ನೋಡಿದರೂ ಕಾರಣ ಸಿಗದು.

ಸಾಲು ಎಣಿಸುವ ಈ ಪದ್ಧತಿಯೇ ಒಂದು ದೋಷ ಎನ್ನಬೇಕು. ಓಪನ್‌ಬಿಎಸ್‌ಡಿಯ ಲಾಗಿನ್.ಕಾನ್ಫ್ ಕಡತದಲ್ಲಿ ವಿಧಾನಗಳ ಹೆಸರುಗಳನ್ನು ಪಟ್ಟಿಮಾಡಿದರೆ ಸಾಕು. ಪ್ರತಿ ವಿಧಾನಕ್ಕೂ ಬೇರೆ ತಂತ್ರಾಂಶ. ಓದಲು ಇದೇ ಸುಲಭ. ಹಾಗೆಂದು ಅದೂ ನಿರ್ದೋಷವಲ್ಲ. ‘-ಎಸ್‌ಚಾಲೆಂಜ್’ ಎಂದು ಅಡ್ಡಗೆರೆಯಿಂದ ಶುರುವಾಗುವ ಬಳಕೆದಾರನ ಹೆಸರನ್ನು ಕೊಟ್ಟರೆ ಆ ತಂತ್ರಾಂಶ ಅದನ್ನು ಹೆಸರೆಂದು ತಿಳಿಯದೆ ಆದೇಶದ ಆಯ್ಕೆಯೆಂದು ತಿಳಿದು, ಗುಪ್ತಪದವಿಲ್ಲದೆ ಒಪ್ಪಿಗೆ ಕೊಡುತ್ತಿತ್ತು. ಕ್ವಾಲಿಸ್ ಸಂಸ್ಥೆ 2019ರಲ್ಲಿ ಇದನ್ನು ಬಯಲಿಗೆಳೆದ ಮೇಲೆ ಸರಿಪಡಿಸಲಾಯಿತು.

ಇದೆಲ್ಲ ವ್ಯವಸ್ಥಾಪಕರ ಕೆಲಸ, ವಿದ್ಯಾರ್ಥಿಗೇಕೆ ಎನ್ನುವವರುಂಟು. ಬಳಕೆದಾರರನ್ನು ಸೇರಿಸುವುದೂ ವ್ಯವಸ್ಥಾಪಕರ ಕೆಲಸವೇ, ಅದು ಮಾತ್ರ ಪಠ್ಯದಲ್ಲಿತ್ತಲ್ಲ! ಅಧ್ಯಾಪಕರು ಒಂದು ವರ್ಚುವಲ್ ಯಂತ್ರದಲ್ಲಿ ರೂಟ್ ಆಗಿ ಇನ್ನೊಂದು ಕಿಟಕಿಯನ್ನು ತೆರೆದಿಟ್ಟುಕೊಂಡು ಮೇಲಿನ ಎರಡು ಪ್ರಮಾದಗಳನ್ನೂ ಮಾಡಿ ತೋರಿಸಬಹುದು. ಅನಂತರ ‘ಪ್ಯಾಮ್-ಆತ್-ಅಪ್‌ಡೇಟ್’ ಆದೇಶ ಆ ಸಂಖ್ಯೆಯನ್ನು ತಾನೇ ಹೇಗೆ ಲೆಕ್ಕಹಾಕಿ ಬರೆಯುತ್ತದೆಂದು ತೋರಿಸಿದರೆ ಒಂದು ಪ್ರಯೋಗದ ಅವಧಿ ಮುಗಿಯುತ್ತದೆ.